ಮಣ್ಣೆತ್ತಿನ ಅಮಾವಾಸ್ಯೆಯ ಹಾಜರಿ

ಕಳೆದ ಏಪ್ರಿಲ್ ಮೊದಲ ವಾರ ಆ ಜೈಲಿನಲ್ಲಿ ಕೈಬರಹದ ಹಾಜರಿ ಪುಸ್ತಕ ನಿಂತಿತು. ಕೈದಿಗಳ ಹಾಜರಿ, ಕೂಲಿ, ಭೇಟಿ ಎಲ್ಲವೂ ಕಂಪ್ಯೂಟರಿಗೆ ಹೋದವು. ಕೂಲಿಯ ದರ ಏರಿತು. ಮನೆಗೆ ಹೋಗುತ್ತಿದ್ದ ಮನಿ ಆರ್ಡರ್ ನಿಂತು, ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬೀಳತೊಡಗಿತು. ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದ ಕೈದಿಗಳನ್ನು, ಅಂದರೆ ರೈಟರ್‌ಗಳನ್ನು, ಬೇರೆ ಕೆಲಸಕ್ಕೆ ಹಚ್ಚಿದರು.

ಈ ಸುದ್ದಿಯನ್ನು ವಿಜಯಪುರದ ನಮ್ಮ ಪತ್ರಿಕಾ ಕಚೇರಿಯಿಂದ ಬರೆದವನು ನಾನೇ. ಜೈಲು ಯಾವುದೆಂದು ಇಲ್ಲಿ ಹೇಳುವುದಿಲ್ಲ. ನಮ್ಮೂರಿನದಲ್ಲ, ಬಸ್ಸಿನಲ್ಲಿ ಅರ್ಧ ದಿನದ ದಾರಿ. ಸುಧಾರಣೆ ಬೇಕೇ ಇತ್ತು. ರೈಟರ್‌ನ ಕೈಯಲ್ಲಿ ಬೀಡಿ ಕಟ್ಟು ಇಟ್ಟವನಿಗೆ ಪೂರ್ತಿ ಹಾಜರಿ, ಇಡದವನಿಗೆ ಖೋತಾ ಎಂಬ ದೂರನ್ನು ಬಿಡುಗಡೆಯಾಗಿ ಬಂದವರಿಂದ ಹಲವು ಸಲ ಕೇಳಿದ್ದೆ. ಹೊಸ ಪದ್ಧತಿಯಲ್ಲಿ ಕೈ ಆಡಿಸಲು ಜಾಗವಿಲ್ಲ ಎಂದು ಅಧಿಕಾರಿಗಳು ಹೇಳಿದರು. ಅದನ್ನು ಹಾಗೆಯೇ ಬರೆದೆ.

ನಮ್ಮ ಮನೆ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿದೆ. ಹಿತ್ತಲ ಕಡೆಯ ಖೋಲಿಯಲ್ಲಿ ಬಿಜ್ಜರಗಿಯ ಹೆಣ್ಣುಮಗಳೊಬ್ಬರು ಬಾಡಿಗೆಗಿದ್ದಾರೆ. ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಾರೆ. ನಾನು ಅವರಿಗೆ ಅಕ್ಕ ಎನ್ನುತ್ತೇನೆ. ಅವರ ಗಂಡ ಹೊಲದ ಬದುವಿನ ಜಗಳದಲ್ಲಿ ಒಬ್ಬನನ್ನು ಕೊಂದು ಜೀವಾವಧಿ ಶಿಕ್ಷೆಯಾಗಿ ಆ ಜೈಲಿನಲ್ಲಿದ್ದರು. ಅದಾದ ಮೇಲೆ ಊರಿನ ಮನೆಗೆ ಬೀಗ ಹಾಕಿ ಅಕ್ಕ ನಗರಕ್ಕೆ ಬಂದಿದ್ದರು.

ಸನ್ನಡತೆಯ ಆಧಾರದ ಮೇಲೆ ಸ್ವಾತಂತ್ರ್ಯ ದಿನಕ್ಕೆ ಬಿಡುಗಡೆ ಮಾಡುವವರ ಪ್ರಸ್ತಾವದಲ್ಲಿ ಈ ಸಲ ಅವರ ಗಂಡನ ಹೆಸರಿತ್ತು. ಊರಿನಿಂದ ತಕರಾರಿಲ್ಲ ಎಂಬ ಪೊಲೀಸ್ ವರದಿಗಾಗಿ ಅಕ್ಕ ತಿಕೋಟಾ ಠಾಣೆಗೆ ನಾಲ್ಕು ಸಲ ಅಲೆದಿದ್ದರು. ಬಬಲೇಶ್ವರದಲ್ಲಿರುವ ಮಗಳು ಅಪ್ಪನಿಗೆಂದು ಎರಡು ಜೊತೆ ಬಟ್ಟೆ ಹೊಲಿಸಿ ಇಟ್ಟಿದ್ದಳು.

ಮೇ ತಿಂಗಳಲ್ಲಿ ಎರಡು ಸಲ ನನ್ನ ಮೊಬೈಲಿನಲ್ಲಿ ಅಕ್ಕನ ಮುಲಾಖತಿಗೆ, ಅಂದರೆ ಜೈಲಿನ ಭೇಟಿಗೆ, ಹೊಸ ಪದ್ಧತಿಯಂತೆ ಅರ್ಜಿ ಹಾಕಿದೆ. ಎರಡೂ ಸಲ ಒಂದೇ ಉತ್ತರ: ಬಂದಿ ಕೆಲಸದ ಪಾಳಿಯಲ್ಲಿದ್ದಾರೆ, ಬೇರೆ ದಿನ ಆರಿಸಿ. ಗಂಡನ ಪಗಾರ ಮಾತ್ರ ತಪ್ಪದೆ ಅಕ್ಕನ ಖಾತೆಗೆ ಜಮಾ ಆಗಿ, ನನ್ನ ಮೊಬೈಲಿಗೆ ಮೆಸೇಜ್ ಬರುತ್ತಿತ್ತು.

"ಚಿಂತಿ ಯಾಕಬೇ? ನಿನ್ನ ಗಂಡಗ ಸರಕಾರಿ ನೌಕರಿ ಆದಂಗಾತು," ಎಂದಳು ನಮ್ಮವ್ವ. "ನನ್ನ ಮಗ ನೋಡು, ಹತ್ತು ವರ್ಷಾತು, ಪೇಪರಿನವ್ರು ಇನ್ನಾ ಪರ್ಮನೆಂಟ್ ಮಾಡವಲ್ರು."

"ತಮ್ಮನೂ ಜೈಲಿಗೆ ಹ್ವಾದ್ರ ಮಾಡ್ತಾರ ನೋಡ್ರಿ ಯವ್ವಾ," ಎಂದರು ಅಕ್ಕ. ಇಬ್ಬರೂ ನಕ್ಕರು.

ಜೂನ್ ಕೊನೆಯ ವಾರ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅಕ್ಕ ಕಟ್ಟೆಯ ಮೇಲೆ ಕುಳಿತು ಪೂಜೆಯ ಮಣ್ಣಿನ ಎತ್ತಿಗೆ ಕೋಡು ಇಡುತ್ತಿದ್ದರು. ಮುಲಾಖತಿ ಸಿಕ್ಕೀತೇ ನೋಡು ಎಂದರು. ನೋಡಿದೆ. ಅದೇ ಉತ್ತರ.

"ಏನಂತೈತಿ?"

"ಕೆಲಸದಾಗ ಅದಾರಂತ ಅಕ್ಕಾ. ತೋಟದ ಪಾಳಿ."

ಅವರ ಕೈ ನಿಂತಿತು. "ಇವತ್ತ?"

"ಇವತ್ತ."

"ಅದು ಅವ್ರಲ್ಲ ತಮ್ಮಾ."

ನನಗೆ ತಿಳಿಯಲಿಲ್ಲ. ಅಕ್ಕ ಕೈಯ ಮಣ್ಣು ಒರೆಸದೆ ಹೇಳಿದರು. ಅವರ ಗಂಡ ಅಮಾವಾಸ್ಯೆಯ ದಿನ ಭೂಮಿಗೆ ಗುದ್ದಲಿ ಹಚ್ಚುವವರಲ್ಲ. ಊರಲ್ಲಿದ್ದಾಗಲೂ ಇಲ್ಲ, ಜೈಲಿನ ತೋಟದಲ್ಲೂ ಇಲ್ಲ. ಮೊದಲ ವರ್ಷ ಇದಕ್ಕಾಗಿ ಬೈಸಿಕೊಂಡರು. ಆಮೇಲೆ ಮೇಲಿನವರು ಸುಮ್ಮನಾಗಿ, ಆ ದಿನದ ಕೂಲಿ ಮುರಿದುಕೊಳ್ಳತೊಡಗಿದರು. ಮನಿ ಆರ್ಡರ್ ಚೀಟಿಯಲ್ಲಿ ರೈಟರ್ ಎಷ್ಟು ದಿನದ ಪಗಾರ ಎಂದು ಬರೆಯುತ್ತಿದ್ದ. ಪೋಸ್ಟಿನವರು ಅದನ್ನು ಓದಿ ಹೇಳುತ್ತಿದ್ದರು. ಅಮಾವಾಸ್ಯೆ ರವಿವಾರದ ರಜೆಯ ದಿನ ಬಿದ್ದರಷ್ಟೇ ಪೂರ್ತಿ. ಉಳಿದಂತೆ ತಿಂಗಳಿಗೆ ಒಂದು ದಿನ ಕಡಿಮೆ.

ಒಳಗೆ ಹೋಗಿ ಕ್ಯಾಲೆಂಡರ್ ತೆಗೆದೆ. ದಿನದ ದರ ನನ್ನ ಸುದ್ದಿಯಲ್ಲೇ ಇತ್ತು. ಬ್ಯಾಂಕಿನ ಮೆಸೇಜಿನಲ್ಲಿದ್ದ ಮೊತ್ತವನ್ನು ಅದರಿಂದ ಭಾಗಿಸಿದೆ. ಏಪ್ರಿಲಿನ ಅಮಾವಾಸ್ಯೆ ರವಿವಾರ ಬಿದ್ದಿತ್ತು, ಅದನ್ನು ಬಿಟ್ಟೆ. ಮೇ ತಿಂಗಳದ್ದು ಕೆಲಸದ ದಿನ ಬಿದ್ದಿತ್ತು. ಆ ತಿಂಗಳು ಪೂರ್ತಿ ಪಗಾರ ಬಂದಿತ್ತು. ಮತ್ತೊಮ್ಮೆ ಭಾಗಿಸಿ ನೋಡಿದೆ.

ಮರುದಿನ, ಆ ಇಲಾಖೆಯ ಸುದ್ದಿಗೆ ನಾನು ಆಗಾಗ ಮಾತಾಡಿಸುತ್ತಿದ್ದ ಅಧಿಕಾರಿಯೊಬ್ಬರಿಗೆ ಫೋನ್ ಮಾಡಿದೆ. ಲೆಕ್ಕವನ್ನೆಲ್ಲ ವಿವರಿಸಿದೆ. ಅವರು ಹೇಳಿದರು:

"ಹಾಜರಿ ಮ್ಯಾಲೆ ಶಿಕ್ಷಾದಾಗ ಮಾಫಿ ಆಗೂ ದಿನ ಎಣಿಸ್ತಾರ. ಮಾಫಿ ಮ್ಯಾಲೆ ಬಿಡುಗಡಿ. ಹಾಜರಿ ತಪ್ಪೈತಿ ಅಂತ ನೀವ ಅರ್ಜಿ ಕೊಟ್ರ ಅವನ ಫೈಲ್ ನಿಂದರತೈತ್ರಿ. ಆಗಸ್ಟ್ ಮಟ ಸುಮ್ಕಿರ್ರಿ. ಆಕಿಗೂ ಹೇಳ್ರಿ."

"ಮನುಷ್ಯಾ ಎಲ್ಲಿ ಅದಾನ?"

"ಒಳಗ ಇರ್ತಾನ ಬಿಡ್ರಿ. ಎಲ್ಲಿ ಹೋಗ್ತಾನ?"

ಈ ಮಾತನ್ನು ಒಂದಕ್ಷರ ಬಿಡದೆ ಅಕ್ಕನಿಗೆ ಹೇಳಿದೆ. ಅವರು ಎರಡು ದಿನ ರೊಟ್ಟಿ ಬಡಿಯಲಿಲ್ಲ. ಖಾನಾವಳಿಯವರು ಬಂದು ಕೂಗಿ ಹೋದರು. ಮೂರನೆಯ ದಿನ ಬೆಳಿಗ್ಗೆ ನನ್ನ ಕೋಣೆಯ ಬಾಗಿಲಲ್ಲಿ ನಿಂತರು.

"ಬರಿ ತಮ್ಮಾ, ಅರ್ಜಿ. ಹೆಸರು ಪಟ್ಟ್ಯಾಗ ಇದ್ದು ಮನಿಷ್ಯಾ ಇಲ್ಲಂದ್ರ ನಾ ಯಾರನ್ನ ಕರ್ಕೊಂಡು ಬರ್ಲಿ?"

ಬರೆದೆ. ಅಕ್ಕ ಹೆಬ್ಬೆಟ್ಟು ಒತ್ತಿದರು. ಜುಲೈ ಮೊದಲ ವಾರ ಇಬ್ಬರೂ ಅದನ್ನು ಹಿಡಿದು ಹೋದೆವು.

ಜೈಲಿನ ಹೊರಬಾಗಿಲ ಪಕ್ಕದ ಕಚೇರಿಯಲ್ಲಿ ಹೊಸ ಕಂಪ್ಯೂಟರ್ ಇತ್ತು. ಅಲ್ಲಿದ್ದ ಗುಮಾಸ್ತ ಕೈದಿಯ ನಂಬರ್ ಒತ್ತಿ, ಪರದೆಯನ್ನು ನಮ್ಮ ಕಡೆ ತಿರುಗಿಸಿದ.

"ನೋಡ್ರಿ, ಹಾಜರಿ ಐತಿ. ಇವತ್ತೂ ಐತಿ. ತೋಟದಾಗ ಅದಾನ ಯವ್ವಾ. ಸುಳ್ಳ ಗಾಬರಿ ಆಗ್ತಿ."

"ಹಂಗಾರ ಒಂದ ಕೂಗ ಹಾಕಿಸಪಾ. ನಾ ಏನೂ ಮಾತಾಡಂಗಿಲ್ಲ. ದೂರದಿಂದ ಮಾರಿ ನೋಡಿ ಹೋಗ್ತೀನಿ."

ಗುಮಾಸ್ತ ಕಾವಲಿನವನ ಕಡೆ ನೋಡಿದ. ವಯಸ್ಸಾದ ಆ ಕಾವಲಿನವ ಅಕ್ಕನ ಮುಖ ನೋಡಲಿಲ್ಲ. ನೆಲ ನೋಡುತ್ತ ಹೇಳಿದ: "ಅಂವನ್ನ ದವಾಖಾನಿಗೆ ಒಯ್ದು ಎರಡ ತಿಂಗಳಾತಲ್ರಿ, ಸಾಹೇಬ್ರ."

ಗುಮಾಸ್ತ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡ.

ಆಗಿದ್ದು ಇಷ್ಟು. ಹೊಸ ಪದ್ಧತಿಯಲ್ಲಿ ಗೈರು ಎಂದು ಯಾರಾದರೂ ನಮೂದಿಸದಿದ್ದರೆ ತಂಡದ ಎಲ್ಲರೂ ತಾವಾಗಿಯೇ ಹಾಜರು. ಹೊರಗಿನ ಆಸ್ಪತ್ರೆಗೆ ಒಯ್ದವರನ್ನು ಇನ್ನೊಂದು ಪುಸ್ತಕದಲ್ಲಿ ಬರೆಯುತ್ತಾರೆ. ಮೊದಲು ಆ ಚೀಟಿಯನ್ನು ಹಾಜರಿಗೆ ಹೊಂದಿಸುವ ಕೆಲಸ ರೈಟರ್‌ನದಾಗಿತ್ತು. ಅದು ಯಾವ ನಿಯಮದಲ್ಲೂ ಇರಲಿಲ್ಲ, ರೂಢಿಯಲ್ಲಿತ್ತು. ರೈಟರ್ ಹೋದ ಮೇಲೆ ಆ ಕೆಲಸ ಯಾರದೂ ಆಗಿರಲಿಲ್ಲ. ಅಕ್ಕನ ನಗರದ ವಿಳಾಸ ರೈಟರ್‌ನ ಮನಿ ಆರ್ಡರ್ ಪುಸ್ತಕದಲ್ಲಷ್ಟೇ ಇತ್ತು. ಮನೆಯವರಿಗೆ ತಿಳಿಸುವ ಪತ್ರವನ್ನು ಕಳಿಸಿದ್ದರು, ಬಿಜ್ಜರಗಿಯ ಬೀಗ ಹಾಕಿದ ಮನೆಯ ವಿಳಾಸಕ್ಕೆ.

ಸಂಜೆ ಆಸ್ಪತ್ರೆ ತಲುಪಿದೆವು. ಕೈದಿಗಳ ಕೋಣೆಯ ಬಾಗಿಲಲ್ಲಿ ಇಬ್ಬರು ಪೊಲೀಸರಿದ್ದರು. ಹತ್ತು ನಿಮಿಷ ಕೊಟ್ಟರು. ಎರಡೂ ಮೂತ್ರಪಿಂಡ ಕೆಟ್ಟಿವೆ, ವಾರಕ್ಕೆ ಎರಡು ಸಲ ಡಯಾಲಿಸಿಸ್ ಎಂದು ನರ್ಸ್ ಹೇಳಿದರು. ಮಂಚದ ಮೇಲಿದ್ದವರ ಕಾಲು ಬಾತಿದ್ದವು. ಮುಖ ಬಾಡಿತ್ತು. ಅವರು ಅಕ್ಕನನ್ನು ನೋಡಿದ ಕೂಡಲೇ ಕೇಳಿದರು:

"ಯಾಕ ಬರ್ಲಿಲ್ಲ?"

"ನೀವು ಕೆಲಸದಾಗ ಅದೀರಿ ಅಂದ್ರು."

ಅವರು ನಗಲು ನೋಡಿದರು, ಕೆಮ್ಮು ಬಂತು. "ಪಟ್ಟ್ಯಾಗ ಹೆಸರೈತೇನ?"

"ಐತ್ರಿ," ಎಂದರು ಅಕ್ಕ. ಅಂದು ಮಧ್ಯಾಹ್ನ ಜೈಲಿನ ಕಚೇರಿಯಲ್ಲಿ ಅಕ್ಕನ ಅರ್ಜಿಗೆ ಮುದ್ರೆ ಒತ್ತಿ ಸ್ವೀಕೃತಿ ಕೊಟ್ಟಿದ್ದರು. ಅದು ನನ್ನ ಜೇಬಿನಲ್ಲಿತ್ತು.

ಜುಲೈ ಎರಡನೇ ವಾರ ನಾನು ಹಾಜರಿಯ ಸುದ್ದಿ ಬರೆದೆ. ಯಾರ ಹೆಸರೂ ಹಾಕಲಿಲ್ಲ. ಇಲಾಖೆ ತನಿಖೆಗೆ ಆದೇಶಿಸಿತು. ಆಸ್ಪತ್ರೆಯಲ್ಲಿದ್ದ ದಿನಗಳ ಪಗಾರವನ್ನು ವಾಪಸ್ ಕಟ್ಟುವಂತೆ ಅಕ್ಕನಿಗೆ ನೋಟಿಸ್ ಬಂತು. ಈ ಸಲ ವಿಳಾಸ ಸರಿಯಿತ್ತು.

ಆಗಸ್ಟ್ ಹದಿನೈದರಂದು ಬಿಡುಗಡೆಯಾದವರ ಪಟ್ಟಿಯಲ್ಲಿ ಅವರ ಗಂಡನ ಹೆಸರು ಇರಲಿಲ್ಲ. ಹಾಜರಿ ಮತ್ತು ಮಾಫಿ ದಿನಗಳ ಪರಿಶೀಲನೆ ಬಾಕಿ ಎಂದು ಕಡತ ವಾಪಸ್ಸಾಗಿತ್ತು. ಅನಾರೋಗ್ಯದ ಆಧಾರದ ಮೇಲೆ ಪೆರೋಲಿಗೆ ಹಾಕಿದ ಅರ್ಜಿಗೂ ಅದೇ ಕಾರಣ ಕೊಟ್ಟರು.

ಆಗಸ್ಟ್ ಕೊನೆಯ ಗುರುವಾರ ಆಸ್ಪತ್ರೆಯಿಂದ ಫೋನ್ ಬಂತು. ಅಕ್ಕನ ಗಂಡನನ್ನು ತೀವ್ರ ನಿಗಾ ಘಟಕಕ್ಕೆ ಹಾಕಿದ್ದೇವೆ ಎಂದರು. ಅಕ್ಕ ಮತ್ತು ಮಗಳು ಮರುದಿನ ಬೆಳಗಿನ ಬಸ್ಸಿಗೆ ಹೋದರು. ಒಳಗೆ ಬಿಡಲು ಜೈಲಿನಿಂದ ಲಿಖಿತ ಅನುಮತಿ ಬೇಕು ಎಂದು ಬಾಗಿಲಲ್ಲಿ ಹೇಳಿದ್ದಾರೆ. ಅನುಮತಿ ಇನ್ನೂ ಬಂದಿಲ್ಲ.