ಸ್ವಂತ ಕೂಲರ್ ಇಲ್ಲದ ದೇಸಾಯರು

ನಾಗಪುರದಲ್ಲಿ ಸ್ವಂತ ಕೂಲರ್ ಇಲ್ಲದವನಿಗೆ ಹೆಣ್ಣು ಕೊಡುವುದಿರಲಿ, ಬಾಡಿಗೆಗೆ ಮನೆ ಕೊಡುವುದಕ್ಕೂ ಜನ ಹಿಂದೆಮುಂದೆ ನೋಡುತ್ತಾರೆ. ನಮ್ಮ ಕೆಳಗಿನ ಮನೆಯ ದೇಸಾಯರಿಗೆ ಸ್ವಂತ ಕೂಲರ್ ಇರಲಿಲ್ಲ. ಕೂಲರ್ ಮಾತ್ರವೇಕೆ, ಮಂಚ, ಫ್ರಿಜ್, ಬಟ್ಟೆ ಒಗೆಯುವ ಯಂತ್ರ, ಕೂರುವ ಕುರ್ಚಿ, ಒಂದೂ ಅವರದಲ್ಲ. ಎಲ್ಲವೂ ತಿಂಗಳ ಬಾಡಿಗೆಯವು. ಹೋಳಿ ಮುಗಿಯುತ್ತಲೇ ಟೆಂಪೋದಲ್ಲಿ ಒಂದು ಕೂಲರ್ ಬಂದಿಳಿಯುತ್ತಿತ್ತು. ಮೇ ತಿಂಗಳ ಬಿಸಿಲು ನೆತ್ತಿಗೇರಿದಾಗ ಇನ್ನೊಂದು. ಮೊದಲ ಮಳೆ ಬಿದ್ದ ಮರುದಿನ ಎರಡೂ ಮಾಯ. ನಾವಾದರೋ ಮೂರು ಕೂಲರ್ ಕೊಂಡು, ಬೇಸಿಗೆ ಮುಗಿದ ಮೇಲೆ ಅವಕ್ಕೆ ಹಳೆಯ ಸೀರೆ ಸುತ್ತಿ ಬಾಲ್ಕನಿಯಲ್ಲಿ ನಿಲ್ಲಿಸಿ, ಬಟ್ಟೆ ಒಣಹಾಕಲು ಅವುಗಳ ನಡುವೆ ಅಡ್ಡಡ್ಡ ತೂರಿಕೊಂಡು ಹೋಗುವ ಜನ.

ನನ್ನನ್ನು ಅತ್ತಿಗೆಯೆಂದೇ ಕರೆಯುವ ದೇಸಾಯರು ಕೆಳಗಿನಿಂದಲೇ ತಲೆಯೆತ್ತಿ ನೋಡಿ ಕೇಳುತ್ತಿದ್ದರು. "ವೈನಿ, ಮೂರೂ ಹೆಣ್ಮಕ್ಕಳು ಸೀರಿ ಉಟ್ಕೊಂಡು ತಯಾರ್ ನಿಂತಾರ. ಲಗ್ನ ಯಾವಾಗ?"

ಅವರು ವಾಯುಸೇನೆಯ ಸಂಪರ್ಕ ವಿಭಾಗದಲ್ಲಿದ್ದು ನಿವೃತ್ತರಾದವರು. ಮೂಲ ಜಮಖಂಡಿ ಕಡೆ. ಮದುವೆಯಾಗಿರಲಿಲ್ಲ. "ಅದೊಂದು ಬಾಡಿಗಿಗೆ ಸಿಗಲಿಲ್ರಿ" ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು. ಮನೀಶ್ ನಗರದ ನಮ್ಮ ಅಪಾರ್ಟ್‌ಮೆಂಟಿನಿಂದ ದಿನಾ ಸಂಜೆ ಒಂದು ತರಬೇತಿ ಸಂಸ್ಥೆಗೆ ಹೋಗಿ ಹುಡುಗರಿಗೆ ಕ್ಲೌಡ್ ಕಂಪ್ಯೂಟಿಂಗ್ ಕಲಿಸುತ್ತಿದ್ದರು. ಅಂದರೆ ಕಂಪ್ಯೂಟರನ್ನು ಕೊಂಡು ಮನೆಯಲ್ಲಿಟ್ಟುಕೊಳ್ಳದೆ, ದೂರದಲ್ಲೆಲ್ಲೋ ಇರುವ ಯಾರದೋ ದೊಡ್ಡ ಯಂತ್ರಗಳನ್ನು ಇಂಟರ್ನೆಟ್ ಮೂಲಕ ಬೇಕಾದಾಗ, ಬೇಕಾದಷ್ಟೇ ಬಾಡಿಗೆಗೆ ಬಳಸುವ ವಿದ್ಯೆ. ಅದನ್ನು ಕಲಿಸುವವರು ಊರ ತುಂಬ ಇದ್ದಾರೆ. ಅದರಂತೆಯೇ ಬಾಳ್ವೆ ಮಾಡಿದವರನ್ನು ನಾನು ಇವರೊಬ್ಬರನ್ನೇ ಕಂಡಿದ್ದು.

ಅವರ ಪಾಠದ ತಿರುಳು ಮೂರು ನಮೂನೆಯ ಸೇವೆ. ಅದನ್ನವರು ನಮ್ಮ ಅಪಾರ್ಟ್‌ಮೆಂಟಿನ ಮೂರು ಅಡುಗೆಮನೆಗಳ ಮೇಲೆ ಪ್ರಯೋಗ ಮಾಡಿದ್ದರು. ಅವರ ಮನೆಯಲ್ಲಿ ಒಲೆಯೇ ಇರಲಿಲ್ಲ ನೋಡಿ. ಮೂರನೇ ಮಹಡಿಯ ರೈಲ್ವೆಯವರ ಮನೆಗೆ ರವೆ, ಎಣ್ಣೆ, ಉಳ್ಳಾಗಡ್ಡಿ ಎಲ್ಲವನ್ನೂ ಹೊತ್ತುಕೊಂಡು ಹೋಗಿ, ಅವರ ಒಲೆಯ ಮೇಲೆ ತಾವೇ ಉಪ್ಪಿಟ್ಟು ಮಾಡಿಕೊಳ್ಳುತ್ತಿದ್ದರು. "ಇದು ಒಂದನೇ ನಮೂನಿ. ಒಲಿ, ನೀರು, ಭಾಂಡೆ ಅವರದು. ಬಾಕಿ ಎಲ್ಲಾ ನಂದು. ಉಪ್ಪು ಹೆಚ್ಚಾತಂದ್ರ ಅವರಿಗೆ ಬೈಯಂಗಿಲ್ಲ." ಎರಡನೇ ಮಹಡಿಯ ಮರಾಠಿ ಚಿಕ್ಕಮ್ಮ, ನಮ್ಮೆಲ್ಲರ ಕಾಕೂ, ದೋಸೆಯ ಹಿಟ್ಟು ರುಬ್ಬಿ, ಹಂಚು ಕಾಯಿಸಿ ಇಡುತ್ತಿದ್ದರು. ಇವರು ಹೋಗಿ ಹೊಯ್ದುಕೊಳ್ಳುವುದಷ್ಟೇ. "ಇದು ಎರಡನೇದು. ಹಿಟ್ಟಿನ ಚಿಂತಿ ನಮಗಿಲ್ಲ. ದೋಸಿ ದುಂಡಗ ಬರಬೇಕೋ, ಮಹಾರಾಷ್ಟ್ರದ ನಕಾಶಿ ಆಗಬೇಕೋ, ಅದಷ್ಟ ನಮ್ಮ ಕೈಯಾಗ." ನಮ್ಮ ಮನೆ ಮೂರನೇ ನಮೂನೆ. ಬಂದು, ಕೈ ತೊಳೆದು, ತಾಟಿನ ಮುಂದೆ ಕೂರುವುದು.

"ನೀವು ಫೋನಿನ್ಯಾಗ ಈ-ಮೇಲ್ ನೋಡ್ತೀರಲ್ಲ ವೈನಿ, ಅದೂ ಹಿಂಗ. ಯಾವ ಯಂತ್ರದಾಗ ಐತಿ, ಯಾರು ನಡಸ್ತಾರ ಅಂತ ನೀವು ಕೇಳಂಗಿಲ್ಲ. ತೆರೀತೀರಿ, ಓದ್ತೀರಿ, ಮುಚ್ತೀರಿ."

"ಉಂಡ ತಾಟು ತೊಳ್ಯೂದು ಯಾವ ನಮೂನಿರಿ?" ಎಂದೆ ನಾನು.

"ಅದು ಸೇವಾ ಕೊಡಾವರ ಜವಾಬ್ದಾರಿ" ಎಂದು ಗಂಭೀರವಾಗಿ ಹೇಳಿ, ತಮ್ಮ ತಾಟಿನ ಜೊತೆ ನಮ್ಮನೆಯವರ ತಾಟನ್ನೂ ತೊಳೆದಿಟ್ಟು ಹೋದರು. ಪುಕ್ಕಟೆ ಉಂಡವರಲ್ಲ ಅವರು. ಆಗಾಗ ಇತವಾರಿ ಪೇಟೆಯಿಂದ ಜೋಳದ ಚೀಲ ತಂದು ನಮ್ಮ ಬಾಗಿಲಲ್ಲಿ ಇಳಿಸುತ್ತಿದ್ದರು. ಬೇಡವೆಂದರೆ, ತಿಂದಷ್ಟಕ್ಕೆ ಮೀಟರ್ ಓಡಬೇಕು, ಇಲ್ಲದಿದ್ದರೆ ಪಾಠ ಸುಳ್ಳಾಗುತ್ತದೆ ಎನ್ನುತ್ತಿದ್ದರು.

ನಮ್ಮನೆಯವರಿಗೂ ಅವರಿಗೂ ಮಾತಿನ ಕುಸ್ತಿ ತಪ್ಪಿದ್ದಲ್ಲ. ಕುಸ್ತಿಯ ಮೂಲ ನಮ್ಮ ಅತ್ತೆಯ ಕಥೆಗಳು. ನಮ್ಮ ಮಗಳು ಶ್ರುತಿ ಮರಾಠಿಯಲ್ಲಿ ಜಗಳ ತೆಗೆದು ಹಿಂದಿಯಲ್ಲಿ ರಾಜಿಯಾಗುವ ಹುಡುಗಿ. ಕನ್ನಡವನ್ನು ಅವಳು ಕಿವಿಗೊಟ್ಟು ಕೇಳುತ್ತಿದ್ದದ್ದು ಅಜ್ಜಿಯ ಕಥೆಗಳಲ್ಲಿ ಮಾತ್ರ. ಅದಕ್ಕೆಂದೇ ನಾನು ರಾತ್ರಿ ಊಟದ ಹೊತ್ತು ಅತ್ತೆಯನ್ನು ಕೂರಿಸಿಕೊಂಡು ಒಂದೊಂದೇ ಕಥೆ ರೆಕಾರ್ಡ್ ಮಾಡಿ ಮನೆಯ ಕಂಪ್ಯೂಟರಿನಲ್ಲಿ ತುಂಬಿಸಿದ್ದೆ. ಆಮೇಲೆ ಅತ್ತೆಯ ಕಥೆಗಳಿಗೆ ನಡು ಕಳಚತೊಡಗಿತು. ನೇಕಾರನ ಹೆಂಡತಿ ನೇರವಾಗಿ ನರಿಯ ಕಥೆಯೊಳಗೆ ನಡೆದುಬಿಡುತ್ತಿದ್ದಳು. ರಾಜಕುಮಾರ ಕುದುರೆ ಏರಿದವನು ಇಳಿಯುತ್ತಲೇ ಇರಲಿಲ್ಲ. ನಾವು ನಗುತ್ತಿದ್ದೆವು, ಅತ್ತೆಯೂ ನಗುತ್ತಿದ್ದರು. ಆದರೆ ಸರಿಯಾದ ಕಥೆಗಳು ಇನ್ನು ಆ ಕಂಪ್ಯೂಟರಿನಲ್ಲಿ ಮಾತ್ರ ಇವೆ ಎಂದು ನನಗೆ ಗೊತ್ತಿತ್ತು.

"ಅವನ್ನ ಕ್ಲೌಡಿನ್ಯಾಗ ಇಡ್ರಿ" ಎಂದರು ದೇಸಾಯರು. ನಮ್ಮನೆಯವರು ಕೋರಾಡಿಯ ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರು. ಮನೆಯ ಸಾಮಾನು ಮನೆಯಲ್ಲೇ ಇರಬೇಕೆನ್ನುವವರು. "ನಮ್ಮ ಪೆಟ್ಟಿಗಿ ನಮ್ಮ ಮನ್ಯಾಗ ಇರ್ಲಿ" ಎಂದರು.

"ಸಾಹೇಬ್ರ, ಮನಿಗೆ ಲೈಟ್ ಬೇಕಂತ ನೀವು ಅಂಗಳದಾಗ ಕೋರಾಡಿ ಕಟ್ಟೀರೇನು? ಬಟನ್ ಒತ್ತೀರಿ, ಉರಿಸಿದಷ್ಟಕ್ಕ ಬಿಲ್ ತುಂಬ್ತೀರಿ. ಕಂಪ್ಯೂಟರ್ ಮಾತ್ರ ಮನ್ಯಾಗ ಯಾಕ ಕಟ್ಟಿ ಹಾಕ್ಕೋಬೇಕು?"

"ಲೈಟ್ ಯಾರದಾದ್ರೂ ನಡೀತೈತ್ರಿ. ದನಿ ನಮ್ಮವ್ವಂದು."

"ದನಿ ನಿಮ್ಮವ್ವಂದ. ಕೀಲೀನೂ ಅವರ ಕೈಯಾಗ. ಜಾಗಾ ಅಷ್ಟ ಮಂದಿದು. ಒಂದು ಕಾಪಿ ಮುಂಬೈಯಾಗ, ಇನ್ನೊಂದು ಹೈದರಾಬಾದಿನ್ಯಾಗ ಇರ್ತೈತಿ."

ಜಪಮಣಿ ಎಣಿಸುತ್ತ ಕೂತಿದ್ದ ಅತ್ತೆ ತಲೆಯೆತ್ತಿದರು. "ನಾ ಇನ್ನೂ ಮುಂಬೈ ನೋಡಿಲ್ಲ. ನನ್ನ ದನಿ ನನ್ನ ಬಿಟ್ಟು ಹೋಗಿ ಅಲ್ಲೇನು ಮಾಡ್ತೈತಿ?" ಅಲ್ಲಿಗೆ ದೇಸಾಯರೂ ಸೋತು ನಕ್ಕರು. ಮಾತು ಅಂದಿಗೆ ಮುಗಿಯಿತು.

ಆ ಮೇ ತಿಂಗಳಲ್ಲಿ ಕಂಪ್ಯೂಟರ್ ಕಾದು ಗುರ್ ಎನ್ನತೊಡಗಿತು. ಕಾದದ್ದಕ್ಕೆಲ್ಲ ನಾಗಪುರದವರಿಗೆ ಒಂದೇ ಮದ್ದು, ಕೂಲರ್ ಮುಂದೆ ಇಡುವುದು. ಅಳುವ ಮಗುವನ್ನು ಇಡುತ್ತೇವೆ, ಬಿಸಿಲಲ್ಲಿ ಬಂದ ನೆಂಟನನ್ನು ಇಡುತ್ತೇವೆ, ಮಾವಿನ ಹಣ್ಣಿನ ಬುಟ್ಟಿಯನ್ನೂ ಇಡುತ್ತೇವೆ. ನಮ್ಮನೆಯವರು ಕಂಪ್ಯೂಟರನ್ನು ಮೇಜಿನ ಸಮೇತ ಕೂಲರ್ ಎದುರಿಗೆ ತಳ್ಳಿ, ಪಕ್ಕದ ಮುಚ್ಚಳ ಬಿಚ್ಚಿ, "ಗಾಳಿ ಆಡ್ಲಿ" ಎಂದರು. ವಿದ್ಯುತ್ ಸ್ಥಾವರದ ಇಂಜಿನಿಯರು ಮಾಡಿದ ಕೆಲಸ ಇದು, ಓದುಗರು ಗಮನಿಸಬೇಕು. ಒಂದು ಮಧ್ಯಾಹ್ನ ಕೂಲರಿನ ತೊಟ್ಟಿ ತುಂಬಿ ತುಳುಕಿತು. ಫ್ಯಾನು ಗಾಳಿಯ ಜೊತೆ ನೀರನ್ನೂ ಎರಚಿತು. ನಾವು ಎದ್ದು ಬರುವಷ್ಟರಲ್ಲಿ ಒಳಗೆ ಚಟಪಟ ಎಂದು, ಸುಟ್ಟ ವಾಸನೆ ಬಂದು, ಎಲ್ಲ ತಣ್ಣಗಾಗಿತ್ತು.

ರಿಪೇರಿ ಅಂಗಡಿಯವನು ಪೆಟ್ಟಿಗೆಯನ್ನು ಬಗ್ಗಿಸಿದ, ನೀರು ಸುರಿಯಿತು. "ಭಾಯಿಸಾಬ್, ಇಸ್ಕೋ ನಹಲಾಯಾ ಕ್ಯಾ?" ಎಂದ. ಸ್ನಾನ ಮಾಡಿಸಿದಿರಾ ಎಂದು ಕೇಳಿದ್ದು. ಡಿಸ್ಕಿನಿಂದ ಏನೂ ಬರುವುದಿಲ್ಲ ಎಂದೂ ಹೇಳಿದ. ನಮ್ಮನೆಯವರು ಮನೆಗೆ ಬಂದು ಯಾರ ಮುಖವನ್ನೂ ನೋಡದೆ ಕೂತರು. ನನಗೆ ಸಿಟ್ಟು ನೆತ್ತಿಗೇರಿತ್ತು.

ಸುದ್ದಿ ಕೇಳಿ ದೇಸಾಯರು ಮೇಲೆ ಬಂದರು. ಬಂದವರು ನಮ್ಮನ್ನು ಮಾತಾಡಿಸಲಿಲ್ಲ, ಅತ್ತೆಯ ಮುಖ ನೋಡಿದರು. ಅತ್ತೆ ಸೆರಗು ಬಾಯಿಗೆ ಹಿಡಿದರು. ಆಮೇಲೆ ಹೊರಬಿತ್ತು ಕಳ್ಳರಿಬ್ಬರ ಕಥೆ. ಬೇಸಿಗೆ ರಜೆಗೆ ಮೊದಲೇ ಒಂದು ಮಧ್ಯಾಹ್ನ, ನಾನು ಶಾಲೆಗೆ ಪಾಠ ಹೇಳಲು ಹೋದಾಗ, ದೇಸಾಯರು ತಮ್ಮ ಬಾಡಿಗೆ ಲ್ಯಾಪ್‌ಟಾಪ್ ತಂದು, ಅಷ್ಟೂ ಕಥೆಗಳನ್ನು ಕ್ಲೌಡಿಗೆ ಏರಿಸಿದ್ದರು. ಕರೆದದ್ದು ಅತ್ತೆಯೇ.

"ನಂಗ ಮರವು ಆಗಾಕತ್ತೈತಿ ಅಂತ ಈ ತಮ್ಮಗ ಹೇಳಿದ್ದೆ. ನಿಮಗ ಹೇಳಿದ್ರ ಡಾಕ್ಟರ್, ಗುಳಿಗಿ ಅಂತ ಸುರು ಮಾಡ್ತೀರಿ" ಎಂದರು ಅತ್ತೆ. ನಮಗಿಂತ ಮೊದಲು ಅವರಿಗೆ ಹೇಳಿದ್ದು ಕೇಳಿ ನನಗೆ ಒಳಗೆ ಚುರ್ರೆಂದಿತು. ಆದರೂ ಕಥೆಗಳು ಉಳಿದ ಖುಷಿಯಲ್ಲಿ, ಜಲ್ದಿ ತೆಗೆಯಿರಿ ನೋಡೋಣ ಎಂದೆ.

"ತೆಗ್ಯಾಕ ಪಾಸ್‌ವರ್ಡ್ ಬೇಕು. ಅದು ಅವ್ವಾರಿಗಷ್ಟ ಗೊತ್ತು" ಎಂದರು ದೇಸಾಯರು. ಅತ್ತೆ ಒಂದೊಂದೇ ಅಕ್ಷರ ಹುಡುಕಿ ಒತ್ತುವಾಗ ಅವರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರಂತೆ. ಅವರ ಕಸುಬಿನ ಮರ್ಯಾದೆ ಅದು. ಪಾಸ್‌ವರ್ಡ್ ಏನೆಂದು ಎಲ್ಲರೂ ಅತ್ತೆಯನ್ನು ನೋಡಿದೆವು. ಅತ್ತೆ ಬಹಳ ಹೊತ್ತು ಚಾವಣಿ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ನೆನಪಾಗವಲ್ದು" ಎಂದರು.

ದೇಸಾಯರು ಒಂದಿಷ್ಟೂ ಗಡಬಡಿಸಲಿಲ್ಲ. "ಮರೀತದ ಅಂತನ ಇನ್ನೊಂದು ಬಾಗಿಲಾ ಇಟ್ಟೀನ್ರಿ ಅವ್ವಾರ. ನಿಮ್ಮ ಫೋನಿಗೆ ಒಂದು ನಂಬರ್ ಬರ್ತೈತಿ, ಅದನ್ನ ಹೇಳ್ರಿ" ಎಂದು ಗುಂಡಿ ಒತ್ತಿದರು. ಅತ್ತೆಯದು ಬಟನ್ ಫೋನು. ನಂಬರ್ ಬರಲಿಲ್ಲ. ಮತ್ತೆ ಒತ್ತಿದರು. ಬರಲಿಲ್ಲ. ಫೋನು ತೆರೆದು ನೋಡಿದರೆ ಮೆಸೇಜಿನ ಪೆಟ್ಟಿಗೆ ತುಂಬಿ ತುಳುಕುತ್ತಿತ್ತು. ಬಂದ ಮೆಸೇಜನ್ನು ಅಳಿಸಬಾರದು, ಯಾರೋ ನೆನಪಿಟ್ಟು ಕಳಿಸಿರುತ್ತಾರೆ ಎಂಬುದು ನಮ್ಮ ಅತ್ತೆಯ ಧೋರಣೆ. ಅಳಿಸುತ್ತೇವೆ ಎಂದದ್ದಕ್ಕೆ, ಓದಿ ಹೇಳಿ ಅಳಿಸಿ ಎಂದರು.

ಸರಿ, ಶುರುವಾಯಿತು ಪಾರಾಯಣ. ಆತಂಕದಲ್ಲಿ ಜೀವ ಹೋಗುವಂತಿದ್ದರೂ ನಗು ತಡೆಯಲಾಗಲಿಲ್ಲ ನನಗೆ. ದೇಸಾಯರು ಕನ್ನಡಕ ಏರಿಸಿ, ಒಂದೊಂದನ್ನೇ ಕನ್ನಡಕ್ಕೆ ತಿರುಗಿಸಿ ಓದಿದರು.

"ಅವ್ವಾರ, ನಿಮಗ ಮೋಟಾರು ಕೊಳ್ಳಾಕ ಸಾಲ ಕೊಡ್ತಾರಂತ. ತೆಗೀಲೇನು?"

"ಇರ್ಲಿ. ಪಾಪ, ಕೇಳ್ಯಾರ."

"ನಿಮ್ಮ ಫೋನಿಗೆ ಹೊಸಾ ಹಾಡು ಹಚ್ಚಿಕೋರಿ ಅಂತಾರ."

"ಯಾ ಹಾಡಂತ?"

"ಅವ್ವಾರ, ನೀವು ಒಂದರ ತೆಗೀ ಅಂದ್ರ ನಾ ಮನಿಗೆ ಹೋಗ್ತೀನ್ರಿ."

ಬಹಳ ಚೌಕಾಸಿಯ ನಂತರ ಮೋಟಾರಿನ ಸಾಲ ಹೋಯಿತು, ಹಾಡು ಉಳಿಯಿತು. ಫೋನು ಟಿಣ್ ಎಂದಿತು. ಅತ್ತೆ ಅಂಕಿಗಳನ್ನು ಗಟ್ಟಿಯಾಗಿ ಓದಿದರು. ದೇಸಾಯರು ಒತ್ತಿ, ಹೊಸ ಪಾಸ್‌ವರ್ಡಿಗೆಂದು ಲ್ಯಾಪ್‌ಟಾಪನ್ನು ಅವರ ಕಡೆಗೇ ತಿರುಗಿಸಿ, ಮತ್ತೆ ಗೋಡೆ ನೋಡುತ್ತ ನಿಂತರು. ಈ ಸಲ ಅತ್ತೆ ನನ್ನನ್ನು ಹತ್ತಿರ ಕರೆದು ತೋರಿಸಿ ಒತ್ತಿದರು. ಕಥೆಗಳು ಒಂದೂ ಬಿಡದೆ ಇದ್ದವು. ನಮ್ಮನೆಯವರು ಎದ್ದು ಹೋಗಿ ದೇಸಾಯರಿಗೆ ತಾವೇ ಚಹಾ ಮಾಡಿ ತಂದರು. ಸಕ್ಕರೆ ಹಾಕಲು ಮರೆತಿದ್ದರು, ದೇಸಾಯರು ಸುಮ್ಮನೆ ಕುಡಿದರು.

ಹೋದ ಚಳಿಗಾಲದಲ್ಲಿ ದೇಸಾಯರು ಪಾಠ ಹೇಳುತ್ತಿದ್ದಾಗಲೇ ಎದೆ ಹಿಡಿದು ಕೂತರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಜಮಖಂಡಿಯಿಂದ ತಮ್ಮ ಬಂದು ಕಾರ್ಯ ಮುಗಿಸಿದ. ಅನಂತರ ಬಾಡಿಗೆಯವರು ಟೆಂಪೋ ತಂದು ಮಂಚ, ಫ್ರಿಜ್, ಕುರ್ಚಿ ಒಂದೊಂದಾಗಿ ಹೊತ್ತೊಯ್ದರು. ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದ ನನಗೆ ಅಳು ತಡೆಯಲಾಗಲಿಲ್ಲ. ಆ ಮನುಷ್ಯನ ಮೇಲೆ ನನಗೆ ಎಷ್ಟು ಮಮತೆ ಇತ್ತೆಂದು ಅವತ್ತು ಗೊತ್ತಾಯಿತು.

ಮೊನ್ನೆ ಶ್ರುತಿ ದೂರು ತಂದಳು. "ಮಮ್ಮಿ, ಆಜಿದು ಗೋಷ್ಟ ಮಸ್ತ್ ಐತಿ. ಪಣ್ ನಡಕ್ಕ ನಡಕ್ಕ ದೇಸಾಯಿ ಅಂಕಲ್ ಬಾಯಿ ಹಾಕ್ತಾರ." ಅಜ್ಜಿಯ ಕಥೆ ಚೆಂದ, ಆದರೆ ನಡುನಡುವೆ ಅಂಕಲ್ ಮಾತಾಡುತ್ತಾರೆ ಎಂದು ಅವಳ ಮರಾಠಿ ಬೆರೆತ ಕನ್ನಡದ ಅರ್ಥ. ನಿಜವೇ. ನಾನು ರೆಕಾರ್ಡ್ ಮಾಡುತ್ತಿದ್ದದ್ದು ಅವರು ಊಟಕ್ಕೆ ಕೂರುವ ಹೊತ್ತು. ಸರಿಮಾಡಿ ಕೊಡೋಣವೆಂದು ಅವರ ಮಾತನ್ನೆಲ್ಲ ಕತ್ತರಿಸಲು ಕೂತೆ. ಅತ್ತೆಯ ದನಿ ಬಂತು, ರಾಜ ಏಳು ಮಂದಿ ರಾಣಿಯರನ್ನು ಬಿಟ್ಟು ಕಾಡಿಗೆ ಹೋದ ಎಂದು. ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ದೇಸಾಯರು ಕೇಳಿದರು, "ಯಾಕ್ರೀ ಅವ್ವಾರ, ಏಳೂ ಮಂದಿ ಒಮ್ಮೆಗೇ ಬೈದ್ರೇನು?" ಅತ್ತೆ ನಕ್ಕು, "ತಡೀಪಾ, ಅದನ್ನೂ ಹೇಳ್ತೀನಿ" ಎಂದು ರಾಣಿಯರ ಜಗಳವನ್ನೇ ಬಿಚ್ಚಿದರು. ಮದುವೆಯಾಗಿ ಬಂದಾಗಿನಿಂದ ನಾನು ಕೇಳಿದ್ದ ಆ ಕಥೆಯಲ್ಲಿ ಆ ಜಗಳ ಇರಲೇ ಇಲ್ಲ.

ಅತ್ತೆ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. "ಏನು ಮಾಡಾಕತ್ತಿ?" ಎಂದರು.

"ದೇಸಾಯರ ಮಾತು ತೆಗ್ಯಾಕತ್ತೀನ್ರಿ."

"ತೆಗೀಬ್ಯಾಡ" ಎಂದರು ಅತ್ತೆ. "ಅವ ಕೇಳ್ದ ಅಂತ ನಾ ಹೇಳೀನಿ. ನೀವ್ಯಾರು ಕೇಳಿದ್ರಿ?"