ಗಾವಾ ಕುಡಿಯದೆ ಗಿಟ್ಟಿಸಿದ ಬಿಸಿ

ಯುದ್ಧಕ್ಕೆ ಮುಂಚಿನ ಕೊನೆಯ ಚಳಿಗಾಲ, ೧೯೯೦ರ ಆರಂಭ. ಕುವೈತಿನ ಸಲ್ವಾ ಬಡಾವಣೆಯ ಒಂದು ವಿಲ್ಲಾದಲ್ಲಿ ಮೇಲಿನ ಮಹಡಿ ನಮಗೆ ಬಾಡಿಗೆಗೆ, ಕೆಳಗೆ ಮನೆ ಮಾಲೀಕರು. ಅಲ್ಲಿ ಎಂಥ ಚಳಿ ಎಂದು ನಗುವವರು ಜನವರಿಯಲ್ಲಿ ಆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನೋಡಬೇಕು.

ಹೆಂಡತಿ ಹಸಿ ಬಾಣಂತಿ. ತಾರಸಿಯ ಮೇಲಿನ ಒಂದೇ ಯಂತ್ರದಿಂದ ಎರಡೂ ಮಹಡಿಗೆ ಬಿಸಿಗಾಳಿ ಬರಬೇಕು. ಆದರೆ ಸಂಜೆಯಾದರೆ ಸಾಕು, ಅದು ನಿಂತುಬಿಡುತ್ತಿತ್ತು. ಬೇರೆ ಹೀಟರ್ ತಂದು ಹಚ್ಚಿದರೆ ಫ್ಯೂಸ್ ಹಾರುತ್ತಿತ್ತು. ಒಂದು ಸಂಜೆ ಅವಳು ಮಗುವಿಗೆ ನನ್ನ ಮಫ್ಲರ್ ಸುತ್ತುತ್ತ ಹೇಳಿದಳು: "ಬರುವ ವಾರಕ್ಕೆ ಟಿಕೆಟ್ ಮಾಡಿ. ಊರಲ್ಲಿ ಅಮ್ಮ ಹಂಡೆಗೆ ಬೆಂಕಿ ಹಾಕಿ ಕಾಯ್ತಾ ಇದ್ದಾರೆ. ಈ ಫ್ರಿಜ್ಜಿನಂಥ ಮನೆಯಲ್ಲಿ ನೀವೇ ಸುಖವಾಗಿರಿ ಮಾರಾಯ್ರೆ."

ಹೋದರೆ ವರ್ಷವಿಡೀ ಬರುವವಳಲ್ಲ. ಮಗು ನಡೆಯಲು ಕಲಿತದ್ದನ್ನು ನಾನು ಕಾಗದದಲ್ಲಿ ಓದಬೇಕು.

ಮಾಲೀಕರಿಗೆ ಗೇಟಿನ ಬಳಿ ಹೇಳಿದ್ದೆ. ಹೇಳಿದಾಗಲೆಲ್ಲ ಸಿಕ್ಕಿದ್ದು "ಇನ್ಶಾಲ್ಲಾ". ಹೊಸಬರು ಇದನ್ನು ನೆನಪಿಡಿ: ಗೇಟಿನಲ್ಲಿ ಕೇಳಿದ್ದು ಗೇಟಿನಲ್ಲೇ ಉಳಿಯುತ್ತದೆ.

ಕಾರಣವನ್ನು ನಾನೇ ಹುಡುಕಿದೆ. ಬಿಸಿ ಹೆಚ್ಚು ಕಡಿಮೆ ಮಾಡುವ ಥರ್ಮೋಸ್ಟಾಟ್ ಇದ್ದದ್ದು ಅವರ ದಿವಾನಿಯಾದಲ್ಲಿ, ಎಂದರೆ ಸಂಜೆ ಗಂಡಸರು ಸೇರಿ ಹರಟುವ ಕೋಣೆಯಲ್ಲಿ. ಅದರ ಕೆಳಗೇ ಗಾವಾ, ಅಂದರೆ ಅರಬ್ಬಿ ಕಾಫಿ, ಕಾಯಿಸುವ ಕೆಂಡದ ಒಲೆ. ಜನ ತುಂಬಿ ಕೆಂಡ ಕೆಂಪಾದರೆ, ಇಡೀ ಮನೆಯೇ ಬೆಚ್ಚಗಿದೆಯೆಂದು ನಂಬಿ ಯಂತ್ರ ಮಲಗುತ್ತಿತ್ತು.

ರಾಯ್ ಎಂಬ ಪೇಟೆಯಲ್ಲಿ ನಾನು ಕೆಲಸಕ್ಕಿದ್ದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಒಮ್ಮೆ ಒಬ್ಬ ಮುದುಕರು ಗಾವಾ ಮುಟ್ಟದೆ ಕೂತು, ನಮ್ಮ ವೀಸಾದ ಒಡೆಯರಾದ ಕಫೀಲರಿಂದ ಕೇಳಿದ್ದನ್ನು ಪಡೆದುಕೊಂಡದ್ದನ್ನು ನೋಡಿದ್ದೆ. ಅತಿಥಿ ಕಪ್ಪನ್ನು ಮುಂದಿಟ್ಟು ಸುಮ್ಮನಿದ್ದರೆ ಅವನಿಗೆ ಏನೋ ಬೇಕಾಗಿದೆ ಎಂದರ್ಥ. ಅವನನ್ನು ಹಾಗೇ ಕಳಿಸುವುದು ಮನೆಗೆ ಅವಮಾನ.

ಗುರುವಾರ ಸಂಜೆ ಇಸ್ತ್ರಿ ಮಾಡಿದ ಶರಟು ತೊಟ್ಟು ದಿವಾನಿಯಾಕ್ಕೆ ಹೋಗಿ ಕೂತೆ. ಗಾವಾ ಬಂತು. ನೆಲದ ಮೇಲಿಟ್ಟೆ. ಹರಟೆ ನಿಧಾನಕ್ಕೆ ನಿಂತಿತು.

"ಕುಡಿ ಸದೀಕ್," ಎಂದರು ಮಾಲೀಕರು. ಸದೀಕ್ ಎಂದರೆ ಗೆಳೆಯ.

"ಕುಡಿಯುತ್ತೇನೆ ಹಜ್ಜಿ. ಮೊದಲು ನೀವು ಮೇಲೆ ಬಂದು ನನ್ನ ಮನೆಯ ಚಹಾ ಕುಡಿಯಬೇಕು. ಈಗಲೇ."

ಎಲ್ಲರೂ ನಕ್ಕರು. ಆದರೂ ಅವರು ಎದ್ದು ಬಂದರು. ನೆಲದ ಕಾರ್ಪೆಟ್ಟನ್ನು ನಾನು ಮೊದಲೇ ಸುತ್ತಿ ಮಂಚದಡಿ ತಳ್ಳಿದ್ದೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರು ಹಿಮ್ಮಡಿ ಎತ್ತಿಯೇ ನಡೆದರು. ಕೋಣೆಯಿಂದ ಮಗು ಸೀನಿತು. ಎಷ್ಟು ದಿನದ್ದೆಂದು ಕೇಳಿದರು. ಇನ್ನೂ ನಲವತ್ತು ಆಗಿಲ್ಲ ಎಂದೆ. ಬಾಣಂತನದ ನಲವತ್ತು ದಿನದ ಲೆಕ್ಕ ಅವರಲ್ಲೂ ಉಂಟು. ಕುಡಿಯುತ್ತಿದ್ದ ಚಹಾವನ್ನು ಅರ್ಧದಲ್ಲೇ ಕೆಳಗಿಟ್ಟರು.

"ಖಲಾಸ್. ಏನು ಮಾಡಬೇಕು ಹೇಳು."

ಇಲ್ಲೇ ಹೆಚ್ಚಿನವರು ಎಡವುವುದು. ಬಿಸಿ ಹೆಚ್ಚಿಸಿ ಎಂದು ಕೇಳಿದರೆ ನಾಳೆ ಮತ್ತೆ ಕೇಳಬೇಕು. ನಾನು ಥರ್ಮೋಸ್ಟಾಟನ್ನೇ ನಮ್ಮ ಗೋಡೆಗೆ ಹಾಕಿಸಿಕೊಡಿ ಎಂದು ಕೇಳಿದೆ.

"ಕೆಳಗೆ ನಮಗೆ ಚಳಿಯಾದರೆ?"

"ನಿಮಗೆ ಕೆಂಡ ಉಂಟು, ಅಷ್ಟು ಜನ ಗೆಳೆಯರಿದ್ದಾರೆ. ನಮಗೆ ಈ ಗೋಡೆ ಮಾತ್ರ ಹಜ್ಜಿ."

ಅವರು ಗಡ್ಡ ನೀವಿ ನಕ್ಕು ಒಪ್ಪಿದರು. ನಾನು ಕೆಳಗೆ ಹೋಗಿ ತಣ್ಣಗಾದ ಗಾವಾವನ್ನು ಒಂದೇ ಗುಟುಕಿಗೆ ಕುಡಿದೆ. ಅಷ್ಟು ರುಚಿಯಾದದ್ದನ್ನು ಮತ್ತೆ ಕುಡಿದಿಲ್ಲ.

ಶನಿವಾರ ಮೆಕ್ಯಾನಿಕ್ ಬಂದು ಥರ್ಮೋಸ್ಟಾಟನ್ನು ಮೇಲಕ್ಕೆ ತಂದು ಕೂರಿಸಿದ. ಹೆಂಡತಿ ತಾನೇ ಅದನ್ನು ತಿರುಗಿಸಿ, ಬಿಸಿಗಾಳಿಗೆ ಮುಖವೊಡ್ಡಿ ನಿಂತಳು. ಟಿಕೆಟಿನ ಮಾತು ಮತ್ತೆ ಬರಲಿಲ್ಲ.

ದಿವಾನಿಯಾದ ಜನ ಬೇಗ ಎದ್ದುಹೋದ ದಿನ ಮಾಲೀಕರು ಮೆಟ್ಟಿಲ ಕೆಳಗೆ ನಿಂತು ಕರೆಯುತ್ತಿದ್ದರು: "ಸದೀಕ್, ಸ್ವಲ್ಪ ಹೆಚ್ಚು ಮಾಡು."

ನಾನು ಮೇಲಿನಿಂದ "ಇನ್ಶಾಲ್ಲಾ" ಎನ್ನುತ್ತಿದ್ದೆ. ಆಮೇಲೆ ತಿರುಗಿಸುತ್ತಿದ್ದೆ.