ಮೊದಲಿನ ಎರಡು ಕೊಡ

ಮೊನ್ನೆ ಅಮಾವಾಸ್ಯೆಗೆಂದು ದೇವರ ಜಗಲಿ ಒರೆಸುತ್ತಿದ್ದೆ. ಬನಶಂಕರಿಯ ಫೋಟೋದ ಹಿಂದೆ ಕೈಗೆ ಏನೋ ಗಟ್ಟಿಯಾಗಿ ತಾಗಿತು. ತೆಗೆದು ನೋಡಿದರೆ ನೀರು ತಿಳಿ ಮಾಡುವ ಪಟಿಕದ ತುಂಡು. ಒಂದು ಕಾಲಕ್ಕೆ ಲಿಂಬೆಹಣ್ಣಿನಷ್ಟು ಇದ್ದದ್ದು, ನೀರಿನಲ್ಲಿ ಆಡಿ ಆಡಿ ಅಡಿಕೆಯಷ್ಟಾಗಿದೆ. ನಡುವಿಗೆ ಕಟ್ಟಿದ ಕೌದಿ ಹೊಲಿಯುವ ದಾರ ಇನ್ನೂ ಬಿಗಿಯಾಗಿಯೇ ಇದೆ. ಪಟಿಕಕ್ಕೆ ವಾಸನೆ ಇರುವುದಿಲ್ಲ, ಗೊತ್ತು. ಆದರೂ ಮೂಗಿಗೆ ಗಟಾರದ ವಾಸನೆ ಬಂದಂತಾಯಿತು. ಒರೆಸುವ ಬಟ್ಟೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ...

ಅದು ಖಾಲಾನ ಪಟಿಕ. ಖಾಲಾ ಅಂದರೆ ನಮ್ಮ ಪಕ್ಕದ ಖೋಲಿಯವರು. ಚಿಂಬಲ್‌ನ ನಮ್ಮ ಚಾಳಿನಲ್ಲಿ ಒಂಬತ್ತು ಖೋಲಿ. ಎಲ್ಲರೂ ಬಾದಾಮಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ದುಡಿಯಲು ಬಂದವರು. ನನ್ನ ಗಂಡ ಗೌಂಡಿ, ಉಳಿದ ಗಂಡಸರದೂ ಅಂಥದೇ ಕೆಲಸ. ಖಾಲಾ ಮಾತ್ರ ಒಬ್ಬರೇ ಇದ್ದರು. ಅವರ ಯಜಮಾನರು ಉಸಗಾಂವದಲ್ಲಿ ಗಣಿಯ ಟಿಪ್ಪರ್ ಓಡಿಸುತ್ತಿದ್ದವರಂತೆ. ಅವರು ತೀರಿಕೊಂಡ ಮೇಲೆ ಖಾಲಾ ಇಲ್ಲಿಗೆ ಬಂದು ಕೌದಿ ಹೊಲಿದು ಬದುಕುತ್ತಿದ್ದರು. ಮಗ ಮಡಗಾಂವದ ಕಡೆ ಟೆಂಪೊ ಓಡಿಸುತ್ತಿದ್ದ. ಹಬ್ಬಕ್ಕೊಮ್ಮೆ ಬಂದು ಹೋಗುತ್ತಿದ್ದ.

ಒಂಬತ್ತು ಖೋಲಿಗೆ ಒಂದೇ ನಲ್ಲಿ. ಬೆಳಿಗ್ಗೆ ಐದೂವರೆಗೆ ಬಂದರೆ ಆರೂಕಾಲಿಗೆ ಹೋಗಿಬಿಡುತ್ತಿತ್ತು. ಖೋಲಿಗೆ ನಾಲ್ಕು ಕೊಡ, ಐದನೆಯದು ಕೇಳುವ ಹಾಗಿಲ್ಲ. ಅದು ಚಾಳಿನ ಮಾಲೀಕರು ಮಾಡಿದ ಕಾನೂನು. ಆದರೂ ನಲ್ಲಿ ನನ್ನ ಬಾಗಿಲ ಎದುರಿಗೇ ಇದೆಯಲ್ಲ, ತಾಯಿಯ ಕೃಪೆ ಎಂದು ದಿನಾ ಕೈ ಮುಗಿಯುತ್ತಿದ್ದೆ. ಊರಲ್ಲಿ ತಲೆಯ ಮೇಲೆ ನೀರು ಹೊತ್ತು ನೆತ್ತಿ ಸವೆಸಿಕೊಂಡವಳು ನಾನು. ನಲ್ಲಿ ಎಂಬುದೇ ದೊಡ್ಡ ವರವಾಗಿ ಕಂಡಿತ್ತು. ಆ ನಲ್ಲಿಯ ಪೈಪು ಎಲ್ಲಿಂದ ಬರುತ್ತದೆ ಎಂದು ಒಂದು ದಿನವೂ ಬಗ್ಗಿ ನೋಡಿರಲಿಲ್ಲ.

ಅದು ರಸ್ತೆಯ ಮೀಟರಿನಿಂದ ನಮ್ಮ ಅಂಗಳದವರೆಗೆ ಗಟಾರದಲ್ಲಿ ಮಲಗಿಕೊಂಡೇ ಬರುತ್ತಿತ್ತು. ಗಟಾರದ ಪಕ್ಕದಲ್ಲಿ ಅಲ್ಲ, ಗಟಾರದ ಒಳಗೆ. ಪೈಪು ಕೂಡುವ ಕಡೆಯಲ್ಲೆಲ್ಲ ಸೈಕಲ್ ಟ್ಯೂಬು ಸುತ್ತಿದ್ದರು. ದಿನವೆಲ್ಲ ಪೈಪು ಖಾಲಿ, ಹೊರಗಿನ ಹೊಲಸು ಸಂದಿಯಿಂದ ಒಳಗೆ ಇಳಿಯುತ್ತಿತ್ತು. ಬೆಳಿಗ್ಗೆ ಬಂದ ನೀರು ಮೊದಲು ಅದನ್ನೇ ತಳ್ಳಿಕೊಂಡು ನಮ್ಮ ಕೊಡಕ್ಕೆ ತರುತ್ತಿತ್ತು. ಈಗ ಬರೆಯುವಾಗ ಎಷ್ಟು ಸರಳವಾಗಿ ತಿಳಿಯುತ್ತದೆ...

ನಮ್ಮ ಮನೆತನದಲ್ಲಿ ದೇವರಿಗೆ ಮೀಸಲು ನೀರು. ಬೇರೆ ಯಾರೂ ಹಿಡಿಯದ, ಎಲ್ಲಕ್ಕಿಂತ ಮೊದಲಿನ ನೀರು. ಹಿಂದಿನ ದಿನದ ನೀರು ಒಂದು ಬಕೆಟ್ ಉಳಿಸಿ, ಸ್ನಾನ ಮಾಡಿ, ಒದ್ದೆ ಕೂದಲು ಗಂಟು ಹಾಕಿಕೊಂಡು ನಾನು ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದೆ. ದೇವಿಯ ಕೊಡ ಎಂದು ಉಳಿದವರೂ ಬಿಟ್ಟುಕೊಡುತ್ತಿದ್ದರು. ಅದೇ ನೀರಿನಲ್ಲಿ ಪೂಜೆ, ಅದರದೇ ತೀರ್ಥ. ಗಂಡನಿಗೆ ಒಂದು ಚಮಚ, ಆರು ವರ್ಷದ ಮಗಳಿಗೆ ಒಂದು ಚಮಚ. ಕುಡಿಯುವ ನೀರನ್ನು ಕುದಿಸದೆ ಕೊಟ್ಟವಳೇ ಅಲ್ಲ ನಾನು. ಆದರೆ ದೇವರ ನೀರನ್ನು ಯಾರಾದರೂ ಕುದಿಸುತ್ತಾರೆಯೇ?

ಒಂದು ದಿನ ಖಾಲಾ ನನ್ನ ಕೊಡದ ಬಾಯಿಗೆ ಮೂಗು ಹಿಡಿದು ಹೇಳಿದರು, “ಬೇಟಿ, ಮೊದಲಿನ ನೀರ ಚೆಲ್ಲಿಬಿಡು. ಹೊಲಸ ವಾಸನಿ ಐತಿ ಅದಕ್ಕ.”

ನನಗೆ ಎಲ್ಲಿತ್ತೋ ಸಿಟ್ಟು. “ದೇವ್ರ ನೀರ್ರೀ ಅದು. ಮೂಗ ಹಚ್ಚಿದ್ರಲ್ಲ! ಇದರ ಸುದ್ದಿ ನಿಮಗೇನ್ ಗೊತ್ತಾಕ್ಕತಿ?” ಎಂದೆ.

“ನಿನ್ನ ದೇವ್ರಿಗೆ ಏನೂ ಆಗೂದಿಲ್ಲ ಬಿಡು. ಮಗಳು ಸಣ್ಣಾಕಿ ಅದಾಳ, ಅದಕ್ಕ ಹೇಳಿದೆ.”

ಆ ಕೊಡವನ್ನು ಬೂದಿ ಹಚ್ಚಿ ತಿಕ್ಕಿ ತೊಳೆದೆ. ಅವರ ಎದುರಿಗೇ ತೊಳೆದೆ. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಹದಿನೈದು ದಿನ ಕಳೆದಿರಲಿಲ್ಲ, ಮಗಳಿಗೆ ವಾಂತಿಭೇದಿ ಹಿಡಿಯಿತು. ಕಣ್ಣು ಒಳಗೆ ಹೋಗಿ, ನಾಲಿಗೆ ಒಣಗಿ, ದೊಡ್ಡಾಸ್ಪತ್ರೆಯಲ್ಲಿ ನಾಲ್ಕು ದಿನ ಸಲೈನ್ ಹಚ್ಚಿದರು. ನೀರು ಕುದಿಸಿ ಕೊಡುತ್ತೀರಾ ಎಂದು ಡಾಕ್ಟರರು ಕೇಳಿದರು. ಬನಶಂಕರಿಯ ಮೇಲೆ ಆಣೆ ಮಾಡಿ ಹೌದೆಂದೆ. ಸುಳ್ಳು ಹೇಳಲಿಲ್ಲ. ತೀರ್ಥ ನನ್ನ ಮಟ್ಟಿಗೆ ನೀರೇ ಆಗಿರಲಿಲ್ಲ. ತಾಯಿ ದೊಡ್ಡವಳು, ಮಗಳು ನಡೆದುಕೊಂಡೇ ಮನೆಗೆ ಬಂದಳು.

ಮರುದಿನ ಬೆಳಿಗ್ಗೆ ಕೊಡ ಹಿಡಿದು ಬಾಗಿಲು ತೆಗೆದರೆ, ನಲ್ಲಿಯ ಮುಂದೆ ಖಾಲಾ ಆಗಲೇ ಕುಕ್ಕರಗಾಲಿನಲ್ಲಿ ಕೂತಿದ್ದರು, ಎರಡು ಕೊಡ ಇಟ್ಟುಕೊಂಡು. ನಾನು ಮೈಮೇಲೆ ದೇವರು ಬಂದವರಂತೆ ಚೀರಾಡಿದೆ. ಚಾಳಿನ ಹೆಂಗಸರೆಲ್ಲ ಹೊರಗೆ ಬಂದರು. “ಮುದುಕಿಗೆ ಮೊದಲ ಪಾಳಿ ಬೇಕಂತ ನೋಡ್ರವಾ, ಮಹಾರಾಣಿ!” ಎಂದು ಒಬ್ಬಳು ಚುಚ್ಚಿದಳು.

ಖಾಲಾ ಕೊಡ ಸರಿಸಲಿಲ್ಲ. “ಮೊದಲಿನ ಎರಡು ಕೊಡ ನಂದು. ಮೂರನೇದು ನಿಮ್ಮ ದೇವ್ರದು. ಜಗಳ ಆಡೂದಿದ್ರ ತುಂಬಿದ ಮ್ಯಾಲ ಆಡೂಣು, ನಳ ಹೋಗಿಬಿಡತೈತಿ” ಎಂದರು. ಯಾರೋ ಕಿಸಕ್ಕನೆ ನಕ್ಕರು. ನೀರೂ ಬಂತು. ಜಗಳ ಅಲ್ಲೇ ನಿಂತಿತು.

ಬಿಸಿಲೇರಿದ ಮೇಲೆ ಖಾಲಾ ನನ್ನನ್ನು ಕರೆದು ಒಂದು ಗಾಜಿನ ಗ್ಲಾಸು ತೋರಿಸಿದರು. ಅವರು ಹಿಡಿದ ಮೊದಲ ಕೊಡದ ನೀರು. ತಳದಲ್ಲಿ ಕರಿಯ ಗಸಿ, ಅದರೊಳಗೆ ಕೂದಲೆಳೆಯಷ್ಟು ಸಣ್ಣ ಕೆಂಪು ಹುಳ ಹೊರಳುತ್ತಿತ್ತು. ಈ ನೀರನ್ನೇ ಕೈಯಾರೆ ಮಗಳ ಅಂಗೈಗೆ ಹಾಕಿ, ಕಣ್ಣಿಗೆ ಒತ್ತಿಕೊಂಡು ಕುಡಿ ಎಂದು ಕಲಿಸಿದವಳು ನಾನು...

ಅದೇ ಗ್ಲಾಸು ಹಿಡಿದು ನಾವು ನಾಲ್ಕು ಜನ ಹೆಂಗಸರು ಮಾಲೀಕರ ಮನೆಗೆ ಹೋದೆವು. ಅವರು ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ಗ್ಲಾಸಿನ ಕಡೆ ನೋಡದೆಯೇ, “ಪಾನಿ ಏಕ್‌ದಮ್ ಬರೋಬರ್ ಹೈ”, ನೀರು ಸರಿಯಾಗಿಯೇ ಇದೆ ಎಂದರು.

“ಬರೋಬರ್ ಐತಿ ಅಂದ್ರ ಒಂದ್ ಗುಟುಕ ಕುಡೀರಿ ಸಾಹೇಬ್ರ” ಎಂದು ಖಾಲಾ ಗ್ಲಾಸನ್ನು ಅವರ ಪೇಪರಿನ ಮೇಲೆಯೇ ಇಟ್ಟರು.

ಈಗಷ್ಟೇ ಚಹಾ ಆಯಿತು ಎಂದರು ಆ ಮಹಾನುಭಾವರು. ನಾವು ಸೆರಗು ಬಾಯಿಗೆ ಒತ್ತಿ ನಕ್ಕೆವು. ಆಮೇಲೆ ಅವರು, ಸರಿ ಬರದವರು ಖೋಲಿ ಖಾಲಿ ಮಾಡಬಹುದು, ಬಾಡಿಗೆಗೆ ಬರುವವರು ಬಹಳ ಇದ್ದಾರೆ ಎಂದರು. ನಗು ಅಲ್ಲಿಗೇ ಹೋಯಿತು. ನೀರಿನ ಆಫೀಸಿಗೂ ಹೋಗಿ ಬಂದೆವು. ಮೀಟರಿನವರೆಗೆ ನಮ್ಮದು, ಅಲ್ಲಿಂದ ಮುಂದೆ ಮಾಲೀಕರದು ಎಂದರು. ಗಟಾರ ಯಾರದು ಎಂದು ಕೇಳಿದರೆ ಅದಕ್ಕೆ ಬೇರೆ ಆಫೀಸು. ಪೈಪನ್ನು ಎತ್ತಿ ಗೋಡೆಯ ಮೇಲೆ ಕೂರಿಸುವುದು ಒಂದು ದಿನದ ಕೆಲಸ. ನನ್ನ ಗಂಡ ಕೂಲಿ ಇಲ್ಲದೆ ಮಾಡಿಕೊಡುತ್ತೇನೆ ಎಂದರು. ನನ್ನ ಗೋಡೆಗೆ ತೂತು ಹೊಡೆಯುವ ಹಾಗಿಲ್ಲ ಎಂದು ಮಾಲೀಕರು ಕಳಿಸಿದರು. ಗೋಡೆ ಚಂದ ಉಳಿಯಬೇಕಿತ್ತು. ಮಕ್ಕಳ ಹೊಟ್ಟೆಯ ಮಾತು ಯಾರಿಗೆ ಬೇಕು?

ಹಾಗೆ ಎರಡು ವರ್ಷ, ಮಳೆಯಿರಲಿ ಜ್ವರವಿರಲಿ, ಮೊದಲಿನ ಎರಡು ಕೊಡ ಖಾಲಾ ಹಿಡಿದರು. ನನ್ನ ದೇವಿಗೆ ಮೂರನೆಯದು. ಆ ಎರಡು ವರ್ಷ ನಮ್ಮ ಚಾಳಿನಿಂದ ಒಂದು ಮಗುವೂ ಹೊಟ್ಟೆ ಕೆಟ್ಟು ಆಸ್ಪತ್ರೆಗೆ ಹೋಗಲಿಲ್ಲ. ತಾಯಿ ಕಾಪಾಡಿದಳು ಎಂದು ಉಡಿ ತುಂಬಿದೆ. ಖೋಲಿಗೆ ನಾಲ್ಕೇ ಕೊಡ ಅಲ್ಲವೇ, ಅದರಲ್ಲಿ ಎರಡು ಹೊಲಸಾದರೆ ಖಾಲಾಗೆ ಉಳಿಯುವುದು ಎಷ್ಟು ಎಂದು ಮಾತ್ರ ಯಾರೂ ಕೇಳಲಿಲ್ಲ. ಅರಿವೆ ಒಗೆಯುತ್ತಾರೆ, ಅಂಗಳಕ್ಕೆ ಹೊಡೆಯುತ್ತಾರೆ ಎಂದುಕೊಂಡೆವು. ಹಾಗೆ ಅಂದುಕೊಳ್ಳುವುದು ನಮಗೆ ಅನುಕೂಲವಾಗಿತ್ತು.

ಮೂರನೆಯ ಬೇಸಿಗೆಗೆ ಖಾಲಾನ ಸೊಸೆ, ಮೊಮ್ಮಗಳು ಬಂದು ತಿಂಗಳೊಪ್ಪತ್ತು ಇದ್ದರು. ಅವರು ಹೋದ ಸ್ವಲ್ಪ ದಿನಕ್ಕೆ ಖಾಲಾ ಹಾಸಿಗೆ ಹಿಡಿದರು. ನಾನು ಗಂಜಿ ತೆಗೆದುಕೊಂಡು ಹೋದಾಗ ಅವರ ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಮೂಲೆಯಲ್ಲಿ ಎರಡು ಕೊಡ, ಒಂದರೊಳಗೆ ಕೌದಿಯ ದಾರದಲ್ಲಿ ಪಟಿಕ ಇಳಿಬಿಟ್ಟಿದ್ದರು. ನೀರು ಕನ್ನಡಿಯಂತೆ ತಿಳಿಯಾಗಿತ್ತು.

ಗಂಜಿಯ ಪಾತ್ರೆ ಕೆಳಗಿಟ್ಟೆ. “ಖಾಲಾ, ಇದು ಮೊದಲಿನ ಕೊಡದ ನೀರಲ್ರಿ? ಇದನ್ನ ಕುಡದ್ರೇನ್ರಿ?”

“ಚಲೋ ನೀರು ಕೂಸಿಗೆ ಬೇಕಾಗಿತ್ತಲ್ಲ ಬೇಟಿ... ಉಸಗಾಂವದಾಗ ಕೆಂಪ ನೀರ ಬರತಿತ್ತು. ಪಟಿಕ ಆಡಿಸಿದ್ರ ತಿಳಿ ಆಗತಿತ್ತು. ಹನ್ನೆರಡ ವರ್ಷ ಕುಡದೇನಿ, ಏನೂ ಆಗಿದ್ದಿಲ್ಲ.”

“ಕುದಸ್ಬೇಕಿಲ್ರಿ?”

“ಗ್ಯಾಸ್ ಅನ್ನಕ್ಕ ಸಾಲೂದಿಲ್ಲ” ಎಂದು ನಕ್ಕರು.

ಅಲ್ಲಿ ಬರುತ್ತಿದ್ದದ್ದು ಮಣ್ಣು, ಪಟಿಕಕ್ಕೆ ತಳ ಸೇರುತ್ತಿತ್ತು. ಇಲ್ಲಿ ಬರುತ್ತಿದ್ದದ್ದು ರೋಗ. ನೀರು ತಿಳಿಯಾದರೂ ಅದು ಅಲ್ಲೇ ಇರುತ್ತದೆ. ನಮ್ಮ ಮಕ್ಕಳ ನೀರಿನ ವಾಸನೆ ಹಿಡಿದ ಹೆಂಗಸು, ತಮ್ಮ ಕೊಡದ ಮುಂದೆ ಕಣ್ಣನ್ನು ನಂಬಿದರು. ಒಂದು ಕೊಡ ಕೊಡಿ ಎಂದು ನನ್ನ ಬಾಗಿಲಿಗೆ ಬರಬಹುದಿತ್ತು. ಹೇಗೆ ಬಂದಾರು? ಅವರು ಮುಟ್ಟಿದ ಕೊಡವನ್ನು ಬೂದಿ ಹಚ್ಚಿ ತೊಳೆದವಳಲ್ಲವೇ ನಾನು!

ಆಸ್ಪತ್ರೆಯಿಂದ ಅವರು ತಿರುಗಿ ಬರಲಿಲ್ಲ. ಮಾಲೀಕರು ಬಾಗಿಲಲ್ಲಿ ನಿಂತು, ವಯಸ್ಸಾಗಿತ್ತು ಬಿಡಿ ಎಂದರು. ಗಟಾರದಲ್ಲಿ ಪೈಪು ಇಟ್ಟವನಿಗೆ ವಯಸ್ಸು ಒಳ್ಳೆಯ ನೆಪ. ಮಗ ಖೋಲಿ ಖಾಲಿ ಮಾಡುವಾಗ ನೆನಪಿಗೆಂದು ಏನಾದರೂ ಇಟ್ಟುಕೊಳ್ಳಿ ಎಂದ. ನಾನು ಪಟಿಕ ಕೇಳಿ ಪಡೆದೆ.

ಅವರನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ನಲ್ಲಿ ಬಂತು. ಎಂಟು ಖೋಲಿಯ ಹೆಂಗಸರು ಕೊಡ ಹಿಡಿದು ನಿಂತಿದ್ದೆವು. ಯಾರೂ ಮುಂದೆ ಹೋಗಲಿಲ್ಲ. ಎರಡು ಕೊಡದಷ್ಟು ನೀರು ನೆಲಕ್ಕೆ ಬಿದ್ದು ಹರಿದುಹೋಯಿತು. ಆಮೇಲೆ ಯಾರೂ ಹೇಳದೆ ನಾನು ಕೊಡ ಇಟ್ಟೆ. ಅವತ್ತಿನಿಂದ ಮೊದಲಿನ ನೀರು ಯಾರ ಪಾಲಿಗೂ ಇಲ್ಲ. ದಿನಕ್ಕೊಂದು ಖೋಲಿಯವರು ಹಿಡಿದು ಗಟಾರಕ್ಕೆ ಚೆಲ್ಲುತ್ತೇವೆ. ಕೊನೆಗೆ ಯಾರಿಗಾದರೂ ಕಡಿಮೆ ಬಿದ್ದರೆ ಉಳಿದವರು ಒಂದೊಂದು ತಂಬಿಗೆ ಹಾಕುತ್ತೇವೆ. ಇಷ್ಟೇ. ಇಷ್ಟನ್ನು ಅವರಿದ್ದಾಗಲೇ ಮಾಡಬಹುದಿತ್ತು...

ಆರು ವರ್ಷವಾಯಿತು. ಪೈಪು ಗಟಾರದಲ್ಲೇ ಇದೆ. ಸೈಕಲ್ ಟ್ಯೂಬು ಹೋಗಿ ಬಿಳಿ ಟೇಪು ಬಂದಿದೆ, ಅಷ್ಟೇ ಸುಧಾರಣೆ. ಮಾಲೀಕರ ಅಡುಗೆಮನೆಗೆ ನೀರು ಶುದ್ಧ ಮಾಡುವ ಮಷೀನು ಬಂದಿದೆ. ನಾನು ದೇವಿಯ ನೀರನ್ನು ಕುದಿಸಿ ಆರಿಸಿಯೇ ತೀರ್ಥ ಕೊಡುತ್ತೇನೆ. ತಾಯಿ ಇದುವರೆಗೆ ಏನೂ ಅಂದಿಲ್ಲ.

ಪಟಿಕವನ್ನು ಒರೆಸಿ ಬನಶಂಕರಿಯ ಹಿಂದೆ ಇಡಲಿಲ್ಲ, ಮುಂದೆ ಇಟ್ಟು ಕುಂಕುಮ ಹಚ್ಚಿದೆ. ಇವತ್ತು ಮೊದಲಿನ ನೀರಿನ ಪಾಳಿ ನನ್ನದಿತ್ತು. ಪಾಳಿ ಬಂದಾಗಲೆಲ್ಲ ಮಾಡುವಂತೆ, ಒಂದು ಗ್ಲಾಸು ತುಂಬಿ ಮಾಲೀಕರ ವರಾಂಡದ ಕಟ್ಟೆಯ ಮೇಲೆ ಇಟ್ಟು ಬಂದೆ. ಅವರು ಬೈಯುವುದನ್ನು ಬಿಟ್ಟು ಬಹಳ ದಿನವಾಯಿತು. ಸಂಜೆ ಹೋದಾಗ ಗ್ಲಾಸು ಅಲ್ಲೇ ಇತ್ತು, ತುಂಬಿದ್ದು ತುಂಬಿದ ಹಾಗೆಯೇ. ತಳದಲ್ಲಿ ಕರಿಯ ಗಸಿ ಇಳಿದಿತ್ತು.